ಹನ್ನೆರಡನೆಯದು: ಗೊತ್ತಿಲ್ಲ

ಫೆಬ್ರವರಿ 4, ಬೆಳಿಗ್ಗೆ 7.10

ಮಂಜು. ಕಿಟಕಿಯಾಚೆ ಬೀದಿ ಇಲ್ಲ. ಬೀದಿಯ ಸದ್ದು ಮಾತ್ರ ಇದೆ. ಅಕ್ಕ ಆಗಲೇ ಹೊಲಿಗೆ ಮಷೀನಿನ ಮುಂದೆ. ಪಟ್ಟಿಯಲ್ಲಿ ಹನ್ನೊಂದು ಮರ ಖಾತ್ರಿಯಾದವು. ಇನ್ನೊಂದು ಬೇಕು.

ಹಿಂದಿನವರು ಊರಿಗೆಲ್ಲ ಒಂದೇ ಜಾತಿ ನೆಟ್ಟಿದ್ದರು. ಹೋದ ವರ್ಷ ಒಂದಕ್ಕೆ ಹುಳ ಹತ್ತಿತು. ಮೂರು ತಿಂಗಳಲ್ಲಿ ಹದಿನಾಲ್ಕು ಬೀದಿ ಬೋಳು. ನಮ್ಮ ಅಂಗಳದ್ದೂ ಹೋಯಿತು. ಅದರ ಬೊಡ್ಡೆಯ ಮೇಲೆ ಈಗ ಅಕ್ಕ ಒಗೆದ ಬಟ್ಟೆಯ ಬುಟ್ಟಿ ಇಡುತ್ತಾಳೆ. ಆದ್ದರಿಂದ ಈ ಸಲ ಅಪರೂಪದ ಮರಗಳು ಮಾತ್ರ. ಮನೆಗೊಂದು ಸಸಿ, ಪುಕ್ಕಟೆ. ಕರಪತ್ರದ ಪಟ್ಟಿ ನೋಡಿ ಜನ ಕೇಳುತ್ತಾರೆ; ಪಟ್ಟಿಯ ಆಯ್ಕೆ ಉದ್ಯಾನ ಇಲಾಖೆಯದು. ಅಂದರೆ ನನ್ನದು.

ಗಿಂಕೊ ಇದೆ. ಆಲಿವ್ ಇದೆ. ಚಿಕ್ಕ ಅಂಗಳಕ್ಕೆ ಕೆಮೀಲಿಯಾ. ಹನ್ನೆರಡನೆಯದಕ್ಕೆ ಸಮುದ್ರದ ಉಪ್ಪುಗಾಳಿ ತಡೆಯುವಂಥದ್ದು ಬೇಕು...

ಫೆಬ್ರವರಿ 6

ಇಲಾಖೆಯ ನರ್ಸರಿ. ಮಾಲಿ ಒಳಗೆ ಕರೆದ. ಯಾರು ಕುಂಡ ಎತ್ತಿದರೂ "ಮೆತ್ತಗೆ, ಮೆತ್ತಗೆ" ಎನ್ನುವುದರಿಂದ ಅವನಿಗೆ ಮೆತ್ತಗಣ್ಣ ಎಂದೇ ಹೆಸರು. ಹಿಂದಿನ ಶೆಡ್ಡಿನಲ್ಲಿ ನಲವತ್ತು ಸಸಿ. ಮಬ್ಬು ಹಸಿರು ಎಲೆ. ಒಂದನ್ನು ಮಗುಚಿ ನೋಡಿದೆ. ಹಿಂಬದಿ ಬೆಳ್ಳಿ.

"ಇವು ಎಲ್ಲಿಯವು?"

"ಕಡಲ ಪಾರ್ಕಿನ ಮೂಲೆಯಲ್ಲಿ ಒಂದು ಮರ ಇದೆಯಲ್ಲ ಮೇಡಂ, ಅದರದ್ದೇ ಕಡ್ಡಿ. ಬೇರು ಬರಿಸೋಕೆ ಎರಡು ವರ್ಷ ಸತಾಯಿಸಿದವು."

"ಮರದ ಹೆಸರು?"

"ನಮ್ಮಪ್ಪ ಇಲ್ಲೇ ಮಾಲಿ ಆಗಿದ್ರು. ಅವರಿಗೇ ತಿಳಿದಿರಲಿಲ್ಲ. ಹೂ ಬಿಟ್ಟಿದ್ದನ್ನ ಅವರೂ ನೋಡಿಲ್ಲ, ನಾನೂ ನೋಡಿಲ್ಲ."

ವಾಪಸಾಗುತ್ತ ಪಾರ್ಕಿಗೆ ಹೋದೆ. ಮರ ಸಮುದ್ರಕ್ಕೆ ಬೆನ್ನು ಮಾಡಿ ನಿಂತಿದೆ, ಏನೋ ಮರೆತು ಮನೆಗೆ ಹೊರಟವರ ಹಾಗೆ. ಗಾಳಿ ಬಂದಾಗ ಇಡೀ ಮರ ಒಮ್ಮೆಗೇ ಬೆಳ್ಳಗಾಗಿ ಮತ್ತೆ ಹಸಿರಾಗುತ್ತದೆ. ಎಷ್ಟು ಹೊತ್ತು ನಿಂತೆನೋ. ಬಸ್ಸು ತಪ್ಪಿತು.

ಎಲೆ, ಚಿಗುರು, ತೊಗಟೆಯ ಫೋಟೋ ಎಲ್ಲವನ್ನೂ ಕಾಲೇಜಿನ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಕಳಿಸಿದೆ.

ಫೆಬ್ರವರಿ 9

ಕರಪತ್ರ ಅಚ್ಚು ಹಾಕುವ ಪ್ರೆಸ್ಸಿನವರ ಫೋನ್. ವಿವರಗಳೆಲ್ಲ ತಲುಪಿವೆ, ಹೆಸರುಗಳನ್ನು ಒಂದು ಸಲ ಓದಿಬಿಡಿ ಎಂದರು. ಓದಿದೆ. ಆ ಕಡೆ ಅಚ್ಚಿನ ಮಷೀನಿನ ಸದ್ದು. ಹನ್ನೊಂದು ಹೆಸರಾಯಿತು. "ಹನ್ನೆರಡನೆಯದು?" ಎಂದರು. "ಗೊತ್ತಿಲ್ಲ, ನಾಳೆ ಹೇಳ್ತೀನಿ" ಎಂದೆ. "ಆಯ್ತು" ಎಂದು ಫೋನ್ ಇಟ್ಟರು.

ಫೆಬ್ರವರಿ 10

ಮೇಷ್ಟ್ರ ಉತ್ತರ. ಹೂ ಇಲ್ಲದೆ ಹೇಳಲಾಗದು. ಎಲೆ ನೋಡಿದರೆ ಮೂರು ಸಸ್ಯಕುಟುಂಬಗಳಿಗೆ ಹೊಂದುತ್ತದೆ, ಪೂರ್ತಿಯಾಗಿ ಯಾವುದಕ್ಕೂ ಹೊಂದುವುದಿಲ್ಲ.

ಪ್ರೆಸ್ಸಿಗೆ ಫೋನ್ ಮಾಡಿದೆ, ಹನ್ನೆರಡನೆಯದನ್ನು ಬಿಟ್ಟುಬಿಡಿ ಎನ್ನಲು. ಯಾರೂ ಎತ್ತಲಿಲ್ಲ.

ಈಗ ಓದುತ್ತಿರುವ ಕಾದಂಬರಿ ಎರಡು ಭಾಷೆ ದಾಟಿ ನಮ್ಮಲ್ಲಿಗೆ ಬಂದದ್ದು. ನಾಯಕಿ ಒಂದು ಮರದ ಕೆಳಗೆ ಕೂತು ಅಳುತ್ತಾಳೆ. ಮರದ ಹೆಸರು ಮೂಲದಲ್ಲಿದ್ದ ಹಾಗೇ ಇದೆ. ಅಡಿಟಿಪ್ಪಣಿ: "ಒಂದು ಜಾತಿಯ ಮರ." ಇಷ್ಟು ಹೇಳಲು ಟಿಪ್ಪಣಿ ಯಾಕೆ? ಸಿಟ್ಟು ಬಂತು. ಪುಸ್ತಕ ಮುಚ್ಚಿಟ್ಟೆ.

ಫೆಬ್ರವರಿ 17

ಕರಪತ್ರ ಬಂತು. ನನ್ನ ಮೇಜಿಗೆ ಅಲ್ಲ, ಮೊದಲು ನಮ್ಮ ಮನೆಯ ಬಾಗಿಲಿಗೆ. ಮೂರು ಸಾವಿರ ಮನೆಗೆ ಹಂಚಿಯಾಗಿದೆ.

12. ಗೊತ್ತಿಲ್ಲ. ನಿಧಾನ ಬೆಳವಣಿಗೆ. ಉಪ್ಪುಗಾಳಿ ತಡೆಯುತ್ತದೆ. ಎಲೆಯ ಹಿಂಬದಿ ಬೆಳ್ಳಿ. ಹೂ: ನೋಡಿದವರಿಲ್ಲ.

ಕೆಳಗೆ ನನ್ನ ಸಹಿ.

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಒಂದು ಕೊಂಬು, ಒಂದು ಒತ್ತು ತಪ್ಪಿಸಿದವಳಲ್ಲ. ಅಕ್ಕ ಎಷ್ಟು ನಕ್ಕಳೆಂದರೆ ಸೂಜಿಯಿಂದ ದಾರ ಕಳಚಿತು. "ಅಬ್ಬ, ಕೊನೆಗೂ ನಿನ್ನ ಬಾಯಿಂದ ಈ ಮಾತು ಬಂತಲ್ಲೇ! ಅದೂ ಅಚ್ಚಾಗಿ!"

ಊಟ ರುಚಿಸಲಿಲ್ಲ.

ಫೆಬ್ರವರಿ 26

ಕೌಂಟರಿನಲ್ಲಿ ಸಾಲು. ಗಿಂಕೊ ಕೇಳಿದವರು ಒಂಬತ್ತು ಜನ. ಗೊತ್ತಿಲ್ಲ ಕೇಳಿದವರು ಅರವತ್ಮೂರು.

ಊರುಗೋಲಿನ ಅಜ್ಜಿಯೊಬ್ಬರು: "ಯಾವ ಮರ ಬೇಕಪ್ಪ ಅಂದ್ರೆ ನನ್ನ ಮಗ ಗೊತ್ತಿಲ್ಲ ಅಂದ. ಸೊಸೆನೂ ಗೊತ್ತಿಲ್ಲ ಅಂದ್ಲು. ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಇದೇ ಮೊದಲು. ಅದನ್ನೇ ಕೊಡಿ."

"ಅಜ್ಜಿ, ಅದು ಹೆಸರಲ್ಲ. ಅಚ್ಚಿನ ತಪ್ಪು."

"ತಪ್ಪೋ ಒಪ್ಪೋ, ಹೂ ಯಾರೂ ನೋಡಿಲ್ಲ ಅಂತ ಬರೆದಿದ್ದೀರಲ್ಲ. ಅದು ನಿಜ ತಾನೆ?"

ನಿಜ.

ಸಂಜೆ ಅರ್ಜಿಗಳನ್ನು ಜೋಡಿಸುತ್ತಿದ್ದೆ. ಹದಿನೇಳನೆಯದು ಅಕ್ಕನ ಅಕ್ಷರ. ವಿಳಾಸ ನಮ್ಮದೇ. ಮನೆಗೆ ಬಂದು ಕೇಳಿದರೆ, "ನಿನ್ನನ್ನ ಕೇಳಿದ್ರೆ ಗಿಂಕೊ ಅಂತಿದ್ದೆ" ಎಂದಳು.

ಮಾರ್ಚ್ 2

ಇಲಾಖೆಯ ಸಾಹೇಬರು ನಕ್ಷೆ ಹರಡಿದರು. ಕಡಲ ಪಾರ್ಕಿಗೆ ಹೊಸ ಕಾಲುದಾರಿ, ನೇರ ಗೆರೆ. ಗೆರೆಯ ಮೇಲೆ ಆ ಮರ. 20ನೇ ತಾರೀಕು ಕಡಿಯುತ್ತಾರೆ.

"ದಾರಿ ಸ್ವಲ್ಪ ಬಗ್ಗಿಸಬಹುದಲ್ಲ ಸರ್?"

"ಇಲಾಖೆಯ ಪಟ್ಟಿಯಲ್ಲಿರೋ ಜಾತಿ ಆದ್ರೆ ಕಡಿಯೋ ಹಾಗಿಲ್ಲ, ಬಗ್ಗಿಸಲೇಬೇಕು. ನಿಯಮ ಇದೆ. ಇದು ಯಾವ ಜಾತಿ?"

ಮೇಷ್ಟ್ರ ಉತ್ತರ ಮುಂದಿಟ್ಟೆ. ಓದಿದರು.

"ಹೆಸರೇ ಇಲ್ಲದ ಮರಕ್ಕೆ ದಾರಿ ಬಗ್ಗಿಸಿದ್ರೆ ನಾಳೆ ನನ್ನನ್ನ ಕೇಳಲ್ವ ಮೇಡಂ? ಅಂದ ಹಾಗೆ, ಕರಪತ್ರದಲ್ಲಿ ಏನೋ ತಪ್ಪಾಗಿದೆಯಂತೆ. ಪ್ರೆಸ್ಸಿಗೆ ತಿದ್ದೋಲೆ ಕಳಿಸಿಬಿಡಿ."

ಮಾರ್ಚ್ 5

ತಿದ್ದೋಲೆ ಬರೆದೆ. "ಕ್ರಮಸಂಖ್ಯೆ 12ನ್ನು ಪಟ್ಟಿಯಿಂದ ತೆಗೆದುಹಾಕಲಾಗಿದೆ ಎಂದು ಓದಿಕೊಳ್ಳಬೇಕು." ನಾಲ್ಕು ಸಲ ಓದಿದೆ. ತಪ್ಪಿಲ್ಲ. ಚೀಲದಲ್ಲಿಟ್ಟೆ.

ಮೆತ್ತಗಣ್ಣ ಹೇಳಿದ: "ಯಾವುದಾದ್ರೂ ಒಂದು ಹೆಸರು ಬರೆದುಬಿಡಿ ಮೇಡಂ. ಮರ ಬಂದು ಅಲ್ಲ ಅನ್ನುತ್ತಾ?"

"ಮೇಷ್ಟ್ರು ಬಂದು ಅಂತಾರೆ."

"ಅಷ್ಟೊತ್ತಿಗೆ ದಾರಿ ಆಗಿರುತ್ತೆ."

ನನ್ನಿಂದ ಆಗಲಿಲ್ಲ. ಪೆನ್ನು ಹಿಡಿದು ಕೂತೆ. ಸುಳ್ಳು ಹೆಸರಿನ ಮೊದಲ ಅಕ್ಷರವೂ ಮೂಡಲಿಲ್ಲ.

ಮಾರ್ಚ್ 6, ಬೆಳಿಗ್ಗೆ

ಕನಸು. ಬೋಳು ಬೀದಿಗಳಲ್ಲಿ ಮರಗಳು ತಾವೇ ನಡೆದು ಬರುತ್ತಿದ್ದವು, ಕೈಯಲ್ಲಿ ಅರ್ಜಿ ಹಿಡಿದು. ಕೌಂಟರಿನಲ್ಲಿ ನಾನು. ಒಂದೊಂದೂ ಬಗ್ಗಿ, ಯಾವ ಮನೆ ಬೇಕು ಎಂದು ಹೇಳುತ್ತಿತ್ತು. ಬೆಳ್ಳಿ ಎಲೆಯದರ ಸರದಿ ಬಂತು. ಹೆಸರು ಕೇಳಿದೆ. ಅದು ನನ್ನ ಕಿವಿಯ ಹತ್ತಿರ ಬಂದು ಹೇಳಿತು. ಸ್ಪಷ್ಟವಾಗಿ ಕೇಳಿಸಿತು. ಎದ್ದಾಗ ಬಾಯಲ್ಲೇ ಇತ್ತು. ಮುಖ ತೊಳೆಯುವಷ್ಟರಲ್ಲಿ...

ಮಾರ್ಚ್ 18

ಹನ್ನೆರಡು ದಿನ ಬರೆದಿಲ್ಲ. ತಿದ್ದೋಲೆ ಚೀಲದಲ್ಲೇ ಇದೆ. ದಿನಾ ಅಂಚೆ ಪೆಟ್ಟಿಗೆಯ ಮುಂದೆ ಹಾಯ್ದು ಹೋಗುತ್ತೇನೆ. ಮರೆತೆ ಎಂದು ಹೇಳಿಕೊಳ್ಳುತ್ತೇನೆ. ಮರೆಯುವವಳಲ್ಲ ನಾನು.

ಅಕ್ಕ ಬೊಡ್ಡೆಯ ಪಕ್ಕ ಗುಂಡಿ ತೋಡಿಸಿದ್ದಾಳೆ. "ಇಷ್ಟು ಆಳ ಸಾಕೇನೇ?" ಎಂದಳು. ಸಾಕು ಎಂದೆ. "ಯಾಕೆ ಮುಖ ಹಾಗಿದೆ?" ಎಲ್ಲ ಹೇಳಿದೆ. ದಾರ ಹಲ್ಲಲ್ಲಿ ಕಡಿದು ಅಕ್ಕ ಅಂದಳು: "ತಿದ್ದೋಲೆ ಹೋಗಿಲ್ಲ ಅಂದ್ರೆ ಪಟ್ಟಿಯಲ್ಲಿ ಇನ್ನೂ ಹನ್ನೆರಡು ಮರ ಇವೆ. ಅಲ್ವ?"

ನೋಡಿದೆ ಅವಳನ್ನು. ಮತ್ತೆ ಮಷೀನು ತುಳಿಯತೊಡಗಿದ್ದಳು.

ಮಾರ್ಚ್ 19, ಮಧ್ಯಾಹ್ನ 3.40

ಮೀಟಿಂಗ್ ಮುಗಿಯಿತು. ನಡೆದದ್ದು ನಡೆದ ಹಾಗೇ:

ಸಾಹೇಬರು ಮರ ಕಡಿಯುವ ಆದೇಶಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ನಾನು: "ಸರ್, ಅದು ಪಟ್ಟಿಯಲ್ಲಿದೆ." ಕರಪತ್ರ ಮುಂದಿಟ್ಟೆ.

"ಎಲ್ಲಿ?"

"ಹನ್ನೆರಡನೆಯದು."

"ಏನು ಹೆಸರು?"

"ಗೊತ್ತಿಲ್ಲ."

"ಹೆಸರು ಗೊತ್ತಿಲ್ಲದೆ ಪಟ್ಟಿಯಲ್ಲಿದೆ ಅಂದ್ರೆ ಹೇಗೆ ಮೇಡಂ?"

"ಗೊತ್ತು ಸರ್."

"ಏನು?"

"ಗೊತ್ತಿಲ್ಲ."

ಯಾರೋ ಕೆಮ್ಮಿದರು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಓದಿದರು. ನನ್ನ ಸಹಿಯವರೆಗೂ ಓದಿದರು. "ತಿದ್ದೋಲೆ?"

"ಕಳಿಸಿಲ್ಲ ಸರ್."

"ಕಳಿಸ್ತೀರಾ?"

ಚೀಲದಿಂದ ತಿದ್ದೋಲೆ ತೆಗೆದೆ, ಮತ್ತೆ ಒಳಗಿಟ್ಟೆ. "ಇಲ್ಲ ಸರ್. ಅದು ತಪ್ಪು ಅಂತ ನನಗೀಗ ಅನ್ನಿಸ್ತಾ ಇಲ್ಲ. ಕೇಳಿದ್ದಕ್ಕೆ ಇರೋದನ್ನೇ ಹೇಳಿದ್ದೀವಿ."

ಅವರು ನಕ್ಷೆಯ ನೇರ ಗೆರೆಯನ್ನು ನೋಡಿದರು. ಆಮೇಲೆ ಪೆನ್ಸಿಲಿನಿಂದ ಮೂಲೆಯಲ್ಲಿ ಒಂದು ಸಣ್ಣ ಬಳಸು ಹಾಕಿದರು. ಮೊಣಕೈ ಮಡಿಚಿದ ಹಾಗೆ. "ಫೈಲಲ್ಲಿ ಏನಂತ ಬರೀಲಿ?" ಎಂದರು. ಉತ್ತರಕ್ಕೆ ಕಾಯಲಿಲ್ಲ, ತಾವೇ ಬರೆದರು.

ಮಾರ್ಚ್ 20

ಕಾದಂಬರಿ ಮತ್ತೆ ತೆರೆದೆ. ಬಿಟ್ಟ ಪುಟಕ್ಕೆ ತಿದ್ದೋಲೆಯನ್ನೇ ಗುರುತಾಗಿ ಇಟ್ಟಿದ್ದೇನೆ. "ಒಂದು ಜಾತಿಯ ಮರ." ಅನುವಾದಕರು ಎಷ್ಟು ದಿನ ಪೆನ್ನು ಹಿಡಿದು ಕೂತಿದ್ದರೋ. ಬಾಯಿಗೆ ಬಂದ ಹೆಸರು ಹಾಕಬಹುದಿತ್ತು. ಹಾಕಲಿಲ್ಲ.

ಏಪ್ರಿಲ್ 11

ನಲವತ್ತೂ ಹೋದವು. ಉಳಿದ ಇಪ್ಪತ್ಮೂರು ಜನಕ್ಕೆ ಮುಂದಿನ ಕಡ್ಡಿಗಳು. ಮೆತ್ತಗಣ್ಣ ಪ್ರತಿ ಸಸಿಗೂ ಚೀಟಿ ಕಟ್ಟಿ, ಮಸಿ ಅಳಿಯದ ಹಾಗೆ ದಪ್ಪಗೆ ಬರೆದಿದ್ದಾನೆ: ಗೊತ್ತಿಲ್ಲ. ಗೊತ್ತಿಲ್ಲ. ಗೊತ್ತಿಲ್ಲ. ಗಾಡಿ ಬೀದಿ ತಿರುಗುವಾಗ ಮಂಜು ಇತ್ತು. ಚೀಟಿಗಳಷ್ಟೇ ತೇಲಿಹೋದವು.

ನಮ್ಮದು ಬೊಡ್ಡೆಯ ಎಡಕ್ಕೆ. ಅಕ್ಕ ಬುಟ್ಟಿ ಇಡುವ ಜಾಗ ಬದಲಿಸಿಲ್ಲ.

ಅಕ್ಟೋಬರ್ 8

ಊರುಗೋಲಿನ ಅಜ್ಜಿ ಬಸ್ಸಿನಲ್ಲಿ ಸಿಕ್ಕಿದರು. "ನಿಮ್ಮ ಗೊತ್ತಿಲ್ಲ ಹೇಗಿದೆ? ನಮ್ಮದು ಆರು ಎಲೆ."

ನಮ್ಮದು ನಾಲ್ಕು. ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಅಕ್ಟೋಬರ್ 29, ಬೆಳಿಗ್ಗೆ 6.50, ಕಡಲ ಪಾರ್ಕು

ಮೆತ್ತಗಣ್ಣ ನಸುಕಿಗೇ ಮನೆಗೆ ಬಂದ. ಬಾಗಿಲಲ್ಲಿ ಉಸಿರು ಬಿಡುತ್ತ ನಿಂತ. "ಮೇಡಂ, ಬನ್ನಿ. ಕೇಳಬೇಡಿ, ಬನ್ನಿ." ಅಕ್ಕ ಮನೆಯ ಚಪ್ಪಲಿಯಲ್ಲೇ ಹೊರಟಳು.

ದಾರಿ ಬಳಸುವಲ್ಲಿ ಬೆಂಚಿದೆ. ಅಲ್ಲಿ ಕೂತು ಬರೆಯುತ್ತಿದ್ದೇನೆ. ಮಂಜಿನಲ್ಲಿ ಮರದ ತುದಿ ಕಾಣದು. ಮೇಲಿಂದ ವಾಸನೆ ಬರುತ್ತಿದೆ. ಹೊಸ ಬಟ್ಟೆಯದು ಎನ್ನುತ್ತಾಳೆ ಅಕ್ಕ. ಒದ್ದೆ ಕಾಗದದ್ದು ಎನಿಸುತ್ತದೆ ನನಗೆ. ಮೆತ್ತಗಣ್ಣ ಅಪ್ಪನ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಮೇಷ್ಟ್ರಿಗೆ ಹೇಳಬೇಕು. ಇವತ್ತೇ ಹೇಳಬೇಕು... ನಾಳೆಯೂ ಆದೀತು.

ಮೊದಲು ವಿವರ ದಾಖಲಿಸುತ್ತೇನೆ. ಅಗಲ: ಹೆಬ್ಬೆರಳಿನಷ್ಟು. ಎಸಳು: ಐದು. ಒಂದು ಈಗಷ್ಟೇ ಈ ಪುಟದ ಮೇಲೆ ಬಿತ್ತು. ಬಣ್ಣ: ಬಿಳಿ ಅಲ್ಲ. ಹಳದಿಯೂ ಅಲ್ಲ. ಮಗುಚಿದರೆ ಬೆಳ್ಳಿ, ಆದರೆ ಈ ಬದಿ —