ಮೆಮೊರಿ ಕಾರ್ಡಿನಲ್ಲಿ ನಿಮ್ಮ ದನಿ

ನರಸಿಂಹರಾಜಪುರ
ಮಂಗಳವಾರ, ೧೧ ಆಗಸ್ಟ್ ೨೦೦೯

ಪ್ರೀತಿಯ ಕಮಲತ್ತಿಗೆಗೆ, ನಿಮ್ಮ ನಾದಿನಿಯ ನಮಸ್ಕಾರ.

ಕಾಲಿನ ಊತ ಇಳಿಯಿತೇ? ಕೊಪ್ಪದ ಡಾಕ್ಟರು ಈ ಸಲ ಏನು ಹೇಳಿದರು? ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಇಲ್ಲಿದ್ದಾಗ ನೀವು ಅದನ್ನು ತುಳಸಿ ಕುಂಡದಲ್ಲಿ ಹೂತಿಡುತ್ತಿದ್ದುದು ನನಗೆ ಗೊತ್ತು, ಯಾರಿಗೂ ಹೇಳಿಲ್ಲ. ಹೆರಿಗೆಗೆಂದು ನೀವು ತವರಿಗೆ ಹೋದ ಮೇಲೆ ಅಣ್ಣ ಮಾತು ಕಡಿಮೆ ಮಾಡಿದ್ದಾನೆ. ಅಪ್ಪ ಆರಾಮ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಮನೆಯಲ್ಲಿ ನಾವೆಲ್ಲ ಬಳಸುತ್ತಿದ್ದ ಆ ಚೈನಾ ಮೊಬೈಲ್ ಸೆಟ್ಟು ಪ್ರತಿಯೊಂದು ಕರೆಯನ್ನೂ ತಾನಾಗಿಯೇ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅಂಥದೊಂದು ಸೆಟ್ಟಿಂಗ್ ಅದರಲ್ಲಿರುವುದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅಮ್ಮನಿಗೆ ಶ್ರಾವಣಕ್ಕೆ ವಚನ ಹಾಕಿಸಿಕೊಡೋಣವೆಂದು ನಾನೇ ಮೆಮೊರಿ ಕಾರ್ಡನ್ನು ಬಸ್ ಸ್ಟ್ಯಾಂಡಿನ ಕಲ್ಲೇಶನ ಮೊಬೈಲ್ ಅಂಗಡಿಗೆ ಕೊಟ್ಟೆ. ಅವನು ಕಾರ್ಡಿನಲ್ಲಿದ್ದುದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ವಚನಗಳ ಜೊತೆ ಒಂದೇ ಕಡೆ ಸೇರಿಸಿ ತುಂಬಿಕೊಟ್ಟ.

ನಿನ್ನೆ ಶ್ರಾವಣ ಸೋಮವಾರ. ಪೂಜೆ ಮುಗಿಸಿ ಅಮ್ಮ ಮತ್ತು ಪಕ್ಕದ ಮನೆಯ ಪ್ರೇಮಕ್ಕ ಹೂಬತ್ತಿ ಹೊಸೆಯುತ್ತ ವಚನ ಕೇಳುತ್ತಿದ್ದರು. ಮೂರನೆಯದು ಮುಗಿದದ್ದೇ ನಿಮ್ಮ ದನಿ ಬಂತು. ನಿಮ್ಮ ತಾಯಿಗೆ ಹೇಳುತ್ತಿದ್ದಿರಿ: "ಹಸಿವು ತಡ್ಕೊಳ್ಳಕ್ಕೆ ಆಗಲ್ಲಮ್ಮ. ಮಾವ ಉಂಡು, ಇವರು ಉಂಡು, ಅತ್ತೆ ಉಂಡ ಮೇಲೆ ನಂದು. ಮೊದ್ಲೇ ಬಡಿಸ್ಕೊಂಡ್ರೆ ಹೊಟ್ಟೆಬಾಕಿ ಅಂತಾರೇನೋ." ನಾನು ಓಡಿಬಂದು ಆಫ್ ಮಾಡುವಷ್ಟರಲ್ಲಿ ಎಲ್ಲ ಕೇಳಿಸಿಬಿಟ್ಟಿತ್ತು.

ಪ್ರೇಮಕ್ಕ ಬಿಡುವವರಲ್ಲ. "ನಿನ್ನ ಸೊಸೆ ಹೊಸ ವಚನ ಹೇಳ್ತಾಳಲ್ಲೇ ವಸಂತಾ" ಅಂದರು. ಅಮ್ಮ ಬತ್ತಿ ಹೊಸೆಯುತ್ತಲೇ, "ಹ್ಞೂಂ ಮಾರಾಯ್ತಿ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಹೇಳ್ಬೇಕಿತ್ತು, ಬಾಯಿ ಬರ್ಲಿಲ್ಲ" ಅಂದಳು. ಪ್ರೇಮಕ್ಕ ಬೇಗ ಎದ್ದು ಹೋದರು. ಅಮ್ಮ ಮಧ್ಯಾಹ್ನ ಉಣ್ಣಲಿಲ್ಲ.

ಇವತ್ತು ಬೆಳಿಗ್ಗೆ ಕಲ್ಲೇಶನ ಹತ್ತಿರ ಜಗಳಕ್ಕೇ ಹೋದೆ. ಒಬ್ಬರ ಕಾರ್ಡಿನಿಂದ ಇಳಿಸಿದ್ದನ್ನು ಇನ್ನೊಬ್ಬರಿಗೆ ತುಂಬುವುದು ಅವನ ರೂಢಿಯಂತೆ. "ಐವತ್ತು ಹಾಡು ಅಂದ್ರೆ ಐವತ್ತು ಹಾಕ್ತೀನಿ. ಒಳಗೆ ಏನೈತೆ ಅಂತ ಕೂತು ಕೇಳಕ್ಕೆ ನಂಗೆ ಪುರುಸೊತ್ತೆಲ್ಲಿ ಮಾರಾಯ್ತಿ" ಎಂದ. ನನ್ನೆದುರೇ ಕಂಪ್ಯೂಟರಿನಿಂದ ಅಳಿಸಿದ. ಆದರೆ ಎಷ್ಟು ಕಾರ್ಡಿಗೆ ಹೋಗಿದೆಯೋ ಅವನಿಗೂ ಗೊತ್ತಿಲ್ಲ. ಅದನ್ನು ಮರಳಿ ತರಲು ನನ್ನಿಂದಾಗದು. ಕ್ಷಮಿಸಿ ಎನ್ನುವುದು ಬಿಟ್ಟು ಬೇರೆ ಮಾತು ನನಗೆ ಸಿಕ್ಕಿಲ್ಲ.

ಜನರ ಖಾಸಗಿ ಮಾತಿಗೆ ಯಾರೂ ಕಿವಿಯಿಡಬಾರದೆಂದು ಕರಪತ್ರ ಹಂಚುವವಳು ನಾನು. ಹೆಣ್ಣುಗಂಡು ಸಮಾನವೆಂಬ ಕರಪತ್ರಗಳನ್ನು ನಿಮ್ಮ ಕೈಯಲ್ಲೇ ಮಡಚಿಸಿದ್ದೆ. ಅದೇ ದಿನಗಳಲ್ಲಿ ಕಾಲೇಜಿಗೆ ಹೊತ್ತಾಯಿತೆಂದು ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದು ಕೂರುತ್ತಿದ್ದೆ, ನೀವು ಬಡಿಸುತ್ತಿದ್ದಿರಿ. ಓದಿದ್ದೆಲ್ಲ ಊರಿಗೆ ಹೇಳಿದೆ, ಅಡುಗೆಮನೆಗೆ ತರಲಿಲ್ಲ.

ನಿಮ್ಮ ತಾಯಿಗೆ ನಮಸ್ಕಾರ ತಿಳಿಸಿ. ಹೊತ್ತುಹೊತ್ತಿಗೆ ಉಣ್ಣಿ.

ನಿಮ್ಮ
ದೀಕ್ಷಾ

ಮರೆತಿದ್ದೆ: ನಾಳೆಯಲ್ಲ, ಮುಂದಿನ ವಾರ ಬುಧವಾರ ೧೯ಕ್ಕೆ ಮೊದಲ ಬಸ್ಸಿಗೆ ಅಮ್ಮ ಅಲ್ಲಿಗೆ ಹೊರಟಿದ್ದಾಳೆ. ಸುಮ್ಮನೆ ನೋಡಲು ಬಂದೆ ಅನ್ನುತ್ತಾಳೆ, ತಾನು ಕೇಳಿದ್ದನ್ನು ನಿಮಗೆ ತಿಳಿಸಬೇಡವೆಂದು ನನಗೆ ಹೇಳಿದ್ದಾಳೆ. ಆದರೆ ನಿಮ್ಮ ಮಾತು ಯಾರ ಕಿವಿಗೆ ಬಿದ್ದಿದೆಯೆಂದು ಅವಳು ಬಾಗಿಲಿಗೆ ಬರುವ ಮೊದಲೇ ನಿಮಗೆ ಗೊತ್ತಿರಬೇಕು. ಇನ್ನೂ ಒಂದು. ಕಾರ್ಡಿನಲ್ಲಿ ಹನ್ನೊಂದು ಕರೆಗಳಿದ್ದವು. ಅಳಿಸುವ ಮೊದಲು ಕೊನೆಯದನ್ನು ಕೇಳಿಬಿಟ್ಟೆ, ಅದು ನನ್ನ ತಪ್ಪು. ಮಗುವಾದ ಮೇಲೆ ಇಲ್ಲಿಗೆ ಮರಳುವುದಿಲ್ಲ ಎಂದಿದ್ದೀರಿ. ಅದು ಅಮ್ಮನಿಗಾಗಲಿ ಅಣ್ಣನಿಗಾಗಲಿ ಗೊತ್ತಿಲ್ಲ, ನನ್ನಿಂದ ಗೊತ್ತಾಗುವುದೂ ಇಲ್ಲ. ಈಗ ಅಮ್ಮನ ಮುಖ ನೋಡುವುದು ಬೇಡವೆನಿಸಿದರೆ ಅದರ ಹಿಂದಿನ ದಿನ ಮಂಗಳವಾರ ಸಂಜೆಯೊಳಗೆ ಒಂದು ಮಿಸ್ಡ್ ಕಾಲ್ ಕೊಡಿ. ಏನಾದರೂ ನೆಪ ಹೇಳಿ ಅವಳನ್ನು ನಿಲ್ಲಿಸುತ್ತೇನೆ. ಕಾರಣ ಕೇಳುವುದಿಲ್ಲ, ಫೋನನ್ನೂ ಎತ್ತುವುದಿಲ್ಲ.