ಮೊಟ್ಟೆಯ ಮೇಲಿನ ಪೆನ್ಸಿಲ್ ಚುಕ್ಕಿ

ಭಾನುವಾರ, ಮಾರ್ಚ್ ೯

ನನ್ನ ಮೊಂಡಿ ಮಗಳಿಗೆ ಅಮ್ಮನ ಪ್ರೀತಿಯ ನೆನಪು.

ಫೋನಿನಲ್ಲೇ ಹೇಳಬಹುದಿತ್ತಲ್ಲ, ಕಾಗದ ಯಾಕೆ ಎಂದು ಹುಬ್ಬೇರಿಸಬೇಡ. ನೀನು ಫೋನಿನಲ್ಲಿ "ಊಟ ಆಯ್ತಾ ಅಮ್ಮ?" ಎಂದ ಕೂಡಲೇ ನನ್ನ ಧೈರ್ಯವೆಲ್ಲ ಇಳಿದುಹೋಗುತ್ತದೆ. ಎರಡು ವರ್ಷದಿಂದ ಹೀಗೇ ಆಗುತ್ತಿದೆ.

ಮೊದಲು ಸುದ್ದಿ. ನಿನ್ನ ಗೆಕ್ಕೊ ಹಲ್ಲಿ ಚಿನ್ನಾರಿ ಮತ್ತೆ ಮೊಟ್ಟೆ ಇಟ್ಟಿದ್ದಾಳೆ. ಎರಡು. ಅಪ್ಪ ಟಾರ್ಚ್ ಹಿಡಿದರು, ನಾನು ನೋಡಿದೆ. ಒಳಗೆ ತಿಳಿ ಗುಲಾಬಿ, ಅದರಲ್ಲಿ ಕೆಂಪು ನರದ ಎಳೆಗಳು. ಇಪ್ಪತ್ತೆರಡು ವರ್ಷ ಹ್ಯಾಚರಿಯಲ್ಲಿ ಕೋಳಿಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿದ ಕಣ್ಣು ಇದು, ಸುಳ್ಳು ಹೇಳುವುದಿಲ್ಲ. ಎರಡರಲ್ಲೂ ಜೀವವಿದೆ.

ನಿಜ ಮುಚ್ಚಿಟ್ಟದ್ದು ಬಾಯಿ. ಅದನ್ನು ಬರೆಯಲೆಂದೇ ಕೂತಿದ್ದೇನೆ.

ನೀನು ಚಿನ್ನಾರಿಯನ್ನು ಮನೆಗೆ ತಂದ ದಿನ ನಾನು ಕುಣಿದಾಡಿದ್ದು ನೆನಪಿದೆಯಾ? ಗೋಡೆ ಮೇಲಿನ ಹಲ್ಲಿಯನ್ನು ಪೊರಕೆ ಹಿಡಿದು ಓಡಿಸುವ ಮನೆಯಲ್ಲಿ ಈ ಹಲ್ಲಿಗೆ ಗಾಜಿನ ಅರಮನೆಯಾ ಎಂದು ರೇಗಿದ್ದೆ. ಮೊದಲ ವರ್ಷದ ಮೊಟ್ಟೆಗಳು ಹಳದಿಯಾಗಿ ಕುಗ್ಗಿಹೋದವು. ಎರಡನೆಯ ವರ್ಷವೂ ಅಷ್ಟೇ. ನೀನು ಹಟ ಬಿಡಲಿಲ್ಲ. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚಿ ತಿನ್ನಿಸಿದೆ, ವಾರವಾರ ನನ್ನ ಅಡುಗೆಮನೆಯ ತಕ್ಕಡಿಯಲ್ಲೇ ತೂಗಿದೆ, ಅವಳ ಬಾಲ ದಪ್ಪಗಾಗುವವರೆಗೂ ಗಂಡಿನ ಜೊತೆ ಬಿಡಲೇ ಇಲ್ಲ. ಮೂರನೆಯ ವರ್ಷ ಜೀವವಿರುವ ಮೊಟ್ಟೆ ಕಂಡಾಗ ನೀನು ನನ್ನನ್ನು ಎತ್ತಿಕೊಂಡು ಗಿರಗಿರ ಸುತ್ತಿದ್ದೆ. ನನ್ನ ಈ ತೂಕಕ್ಕೆ!

ಅಪ್ಪ ತಮ್ಮ ಬಡಗಿ ಕೆಲಸವನ್ನೆಲ್ಲ ಬದಿಗಿಟ್ಟು ಕಾವುಪೆಟ್ಟಿಗೆ ಮಾಡಿಕೊಟ್ಟರು. ನೀನು ಒಂದೊಂದು ಮೊಟ್ಟೆಯ ನೆತ್ತಿಗೂ ಪೆನ್ಸಿಲ್ ಚುಕ್ಕಿ ಇಟ್ಟು, ಯಾರೂ ಮುಟ್ಟಬೇಡಿ ಎಂದು ಕೆಲಸಕ್ಕೆ ಹೋದೆ. ಯಾಕೆ ಎಂದು ನಾನು ಕೇಳಲಿಲ್ಲ. ಲಕ್ಷ ಮರಿ ಕಂಡವಳು ನಾನು, ನಿನ್ನನ್ನೇನು ಕೇಳುವುದು ಎಂಬ ಜಂಬ. ನಮ್ಮ ಹಳೆಯ ಹ್ಯಾಚರಿಯಲ್ಲಿ ಮೊಟ್ಟೆಯ ಒಂದು ಬದಿಗೆ ಪೆನ್ಸಿಲ್ ಗುರುತು ಹಾಕಿ ದಿನಕ್ಕೆ ಮೂರು ಸಲ ಕೈಯಲ್ಲೇ ಮಗುಚುತ್ತಿದ್ದೆವು. ಮಗುಚದಿದ್ದರೆ ಕೋಳಿಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ನಿನ್ನ ಚುಕ್ಕಿ ನೋಡಿ, ಪೆದ್ದು ಹುಡುಗಿ, ಗುರುತು ಹಾಕಿ ಮಗುಚುವುದನ್ನೇ ಮರೆತಿದ್ದಾಳೆ ಎಂದುಕೊಂಡೆ. ನೀನು ಆಚೆ ಹೋದಮೇಲೆ ದಿನವೂ ನಾನೇ ಮಗುಚಿದೆ. ನೀನು ಬರುವ ಹೊತ್ತಿಗೆ ಚುಕ್ಕಿ ಮತ್ತೆ ಮೇಲೆ ಬರುವಂತೆ ಇಟ್ಟುಬಿಡುತ್ತಿದ್ದೆ. ಹತ್ತೊಂಬತ್ತು ದಿನ. ಆಮೇಲೆ ಮೊಟ್ಟೆಗಳಿಗೆ ಬೂಷ್ಟು ಹಿಡಿಯಿತು.

ಪೆಟ್ಟಿಗೆ ಯಾರು ಮುಟ್ಟಿದ್ದು ಎಂದು ನೀನು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ, ಡ್ರಿಲ್ ಹಾಕಲು ಪೆಟ್ಟಿಗೆಯ ಸ್ವಿಚ್ ಆರಿಸಿ ಮತ್ತೆ ಹಾಕಲು ಮರೆತುಬಿಟ್ಟಿದ್ದೆ ಎಂದರು. "ಜೀವ ಇರೋದನ್ನ ನಿಮ್ಮ ಕೈಗೆ ಕೊಡಬಾರದು, ಮರದ ತುಂಡು ಕೊಟ್ರೆ ಸಾಕು" ಎಂದೆ ನೀನು. ಆ ತಿಂಗಳೇ ದೂರದ ಕೆಲಸ ಹಿಡಿದು ಹೊರಟೂಹೋದೆ.

ಆಣೆ ಮಾಡಿ ಹೇಳುತ್ತೇನೆ, ಆಗ ನಾನೂ ಅವರ ಮಾತನ್ನೇ ನಂಬಿದ್ದೆ. ನೀನು ಹೋದ ಮರುವಾರ ಹುಳು ತರಲು ಹೋದಾಗ ಅಂಗಡಿಯವನ ಹತ್ತಿರ ಹೀಗೇ ಮಾತಿಗೆ ಮಗುಚುವ ವಿಷಯ ಬಂತು. "ಅಯ್ಯಯ್ಯೋ, ಇದರ ಮೊಟ್ಟೇನ ಮಗುಚ್ತಾರಾ ಅಮ್ಮ? ಒಳಗಿನ ಮರಿ ಸತ್ತೇಹೋಗುತ್ತೆ. ಇಟ್ಟಿದ್ದು ಇಟ್ಟ ಹಾಗೇ ಇರ್ಬೇಕು, ಚುಕ್ಕಿ ಹಾಕೋದೇ ಅದಕ್ಕೆ" ಎಂದ. ಹುಳುವಿನ ಡಬ್ಬ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವತ್ತೇ ಹೇಳಬೇಕಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಎರಡು ವರ್ಷ ತಳ್ಳಿದೆ. ನೀನು ಫೋನಿನಲ್ಲಿ "ಫೋನ್ ಅವರಿಗೆ ಕೊಡಬೇಡ" ಅನ್ನುವಾಗೆಲ್ಲ ಅಪ್ಪ ಎದುರಿಗೇ ಉಳಿಗೆ ಎಣ್ಣೆ ಸವರುತ್ತ ಕೂತಿರುತ್ತಿದ್ದರು. ಕೇಳಿಸದವರ ಹಾಗೆ. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ. ಮೊಟ್ಟೆ ಕೆಡಿಸಿದ್ದು ಗೊತ್ತಿಲ್ಲದೆ ಕಣೇ. ನಿಮ್ಮಿಬ್ಬರ ಮಾತು ಕೆಡಿಸಿದ್ದು ಗೊತ್ತಿದ್ದೇ. ಅದಕ್ಕೆ ನನ್ನ ಬಳಿ ಸಬೂಬು ಇಲ್ಲ.

ಚಿನ್ನಾರಿಯನ್ನು ನೀನು ಬಿಟ್ಟುಹೋದಮೇಲೆ ಅಪ್ಪನೇ ಸಾಕಿದ್ದು. ನಿನ್ನ ನೋಟ್‌ಬುಕ್ ಓದಿ ಓದಿ ಅದರ ಹಾಳೆ ಕಿತ್ತುಬಂದಿದೆ. ವಾರವಾರ ತೂಗುವುದು, ಪುಡಿ ಹಚ್ಚುವುದು, ಅಂಗಡಿಯವನ ಬಳಿಯಿದ್ದ ಗಂಡು ಗೆಕ್ಕೊವನ್ನು ತಂದು ಜೊತೆಗೆ ಬಿಟ್ಟಿದ್ದು, ಎಲ್ಲ ಅವರೇ. ಈ ಸಲದ ಚುಕ್ಕಿಯೂ ಅವರದೇ. ಟಾರ್ಚಿನಲ್ಲಿ ನೋಡಿದ ಆ ಒಂದು ಸಲ ಬಿಟ್ಟರೆ ನಾನು ಪೆಟ್ಟಿಗೆಯ ಹತ್ತಿರವೂ ಸುಳಿದಿಲ್ಲ.

ಇನ್ನು ಐದು ವಾರದಲ್ಲಿ ಮರಿ ಬರಬಹುದು. ಬಾರೇ. ನನ್ನ ಮೇಲೆ ಎಷ್ಟು ಬೇಕಾದರೂ ಕೂಗಾಡು, ಮಾತು ಬಿಡಬೇಕೆನಿಸಿದರೆ ಬಿಡು. ಅವರ ಜೊತೆ ಮಾತ್ರ ಮಾತಾಡು.

ತಲೆ ತಗ್ಗಿಸಿ ಕಾಯುತ್ತಿರುವ
ನಿನ್ನ ಅಮ್ಮ

ತಾ.ಕ.: ಕಾಗದ ಅಂಟಿಸುವ ಮೊದಲು ಅಪ್ಪನಿಗೆ ಓದಿ ಹೇಳಿದೆ. ಅವರು ಆ ಸ್ವಿಚ್ ಆರಿಸಿರಲೇ ಇಲ್ಲವಂತೆ. ಮೊಟ್ಟೆ ಅಲುಗಬಾರದು ಎಂದು ಪೆಟ್ಟಿಗೆ ಮಾಡುವಾಗಲೇ ನೀನು ಅವರಿಗೆ ಹೇಳಿದ್ದೆಯಂತೆ. ಕೊನೆಕೊನೆಗೆ ಒಂದು ಮಧ್ಯಾಹ್ನ ಊಟಕ್ಕೆ ಬಂದವರು ನಾನು ಮಗುಚುವುದನ್ನು ಬಾಗಿಲಲ್ಲಿ ನಿಂತು ನೋಡಿದ್ದರಂತೆ, ಅಷ್ಟರಲ್ಲಿ ತಡವಾಗಿತ್ತಂತೆ. ಮತ್ತೆ ಯಾಕ್ರೀ ತಪ್ಪು ಮೈಮೇಲೆ ಎಳ್ಕೊಂಡ್ರಿ ಎಂದು ಕೇಳಿದೆ. "ನನ್ನ ಮೇಲೆ ಮುನಿಸ್ಕೊಂಡ್ರೆ ನಿನಗಾದ್ರೂ ಫೋನ್ ಮಾಡ್ತಾಳೆ. ನಿನ್ನ ಮೇಲೆ ಮುನಿಸ್ಕೊಂಡ್ರೆ ಈ ಮನೆಗೆ ಯಾರಿಗೇಂತ ಮಾಡ್ತಾಳೆ?" ಎಂದು ಹೇಳಿ ಚಿನ್ನಾರಿಗೆ ನೀರಿಡಲು ಎದ್ದುಹೋದರು. ಅವರ ನಂಬರ್ ನೀನು ಅಳಿಸಿರಬಹುದು, ಕಾಗದದ ಹಿಂದೆ ಬರೆದಿದ್ದೇನೆ. ಈ ಸಲ ಫೋನ್ ಅವರಿಗೆ ಮಾಡು.