ನೋಡದೆ ಬರೆದ ನಾಲ್ಕು ಡಿಗ್ರಿ

ಹದಿನೆಂಟನೇ ತಾರೀಖು,
ಮಧ್ಯಾಹ್ನ

ನನ್ನ ಗುಬ್ಬಿ ತಂಗಿಗೆ,

ಮೂರು ವಾರದಿಂದ ನಿನ್ನ ಫೋನ್ ಎತ್ತಿಲ್ಲ. ನಿನಗೆ ಸಿಟ್ಟು ಬಂದಿರುತ್ತದೆ, ಬರಲಿ. ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲವೆಂದೇ ಕಾಗದ ಹಿಡಿದಿದ್ದೇನೆ. ಇವತ್ತು ಬೆಳಿಗ್ಗೆ ಆರೋಗ್ಯ ಇಲಾಖೆಯಲ್ಲಿ ನನ್ನ ವಿಚಾರಣೆ ನಡೆಯಿತು.

ನಮ್ಮ ಕ್ಲಿನಿಕ್ಕಿನಲ್ಲಿ ಮಕ್ಕಳ ಲಸಿಕೆ ಇಡುವ ಫ್ರಿಜ್ಜನ್ನು ನೀನು ನೋಡಿದ್ದೀಯ. ಅದರ ಉಷ್ಣಾಂಶವನ್ನು ದಿನಕ್ಕೆರಡು ಸಲ ನೋಡಿ ಪುಸ್ತಕದಲ್ಲಿ ಬರೆಯಬೇಕು. ಕಳೆದ ತಿಂಗಳು ಜ್ವರ ಬಂದು ಎರಡು ದಿನ ಮನೆಯಲ್ಲೇ ಮಲಗಿದ್ದೆನಲ್ಲ, ಮಾರನೆಯ ಬೆಳಿಗ್ಗೆ ಹೋಗಿ ನೋಡಿದರೆ ಪ್ಲಗ್ಗು ಸಡಿಲವಾಗಿ ಫ್ರಿಜ್ಜು ನಿಂತುಹೋಗಿತ್ತು. ಎಂಟು ಡಿಗ್ರಿ ದಾಟಬಾರದ ಮುಳ್ಳು ಹತ್ತೊಂಬತ್ತರಲ್ಲಿತ್ತು. ಪ್ಲಗ್ಗು ಒತ್ತಿದೆ. ಎರಡು ಗಂಟೆಯಲ್ಲಿ ಮುಳ್ಳು ಐದಕ್ಕಿಳಿಯಿತು. ಹೊರಗೆ ಬೆಂಚಿನ ತುಂಬ ತಾಯಂದಿರು, ಅಳುವ ಮಕ್ಕಳು. ಪುಸ್ತಕದಲ್ಲಿ ಖಾಲಿ ಬಿದ್ದಿದ್ದ ನಾಲ್ಕೂ ಚೌಕಗಳಲ್ಲಿ ‘4’ ಎಂದು ಬರೆದು ಸೂಜಿ ಕೈಗೆತ್ತಿಕೊಂಡೆ.

ಬಿಸಿ ತಗುಲಿದ ಲಸಿಕೆಯಿಂದ ಮಗುವಿಗೆ ಕೇಡಾಗುವುದಿಲ್ಲ. ಆದರೆ ಅದು ಮಗುವನ್ನು ರೋಗದಿಂದ ಕಾಪಾಡದೇ ಹೋಗಬಹುದು. ಹದಿನೇಳು ವರ್ಷದಿಂದ ನರ್ಸಾಗಿರುವ ನನಗೆ ಇದು ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಗೊತ್ತಿತ್ತು. ಎರಡು ದಿನಕ್ಕೆ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ವಾರವೇ ತಪಾಸಣೆಗೆ ಒಬ್ಬ ಹೆಂಗಸು ಬಂದರು. ಫ್ರಿಜ್ಜಿನ ಒಳಗೆ ಹಿಂಬದಿಗೆ ಕೈಹಾಕಿ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ತೆಗೆದರು. ಗಂಟೆಗೊಮ್ಮೆ ತಾನೇ ಉಷ್ಣಾಂಶ ದಾಖಲಿಸುವ ಯಂತ್ರವಂತೆ. ಅದು ಅಲ್ಲಿರುವುದೇ ನನಗೆ ತಿಳಿದಿರಲಿಲ್ಲ. ಅದನ್ನು ನೋಡಿದರು, ನನ್ನ ಪುಸ್ತಕ ನೋಡಿದರು, ನನ್ನ ಮುಖ ನೋಡಿದರು. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಹತ್ತು ದಿನಕ್ಕೆ ನೋಟಿಸು ಬಂತು. ‘ತಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು’ ಎಂಬ ಸಾಲನ್ನು ಮೂರು ಸಲ ಓದಿದೆ. ಜೊತೆಗೆ ಇಲಾಖೆಯ ನಿಯಮಗಳ ಪುಸ್ತಕ. ನನ್ನ ಪಾಲಿಗೆ ಕಬ್ಬಿಣದ ಕಡಲೆ. ಒಂದು ವಾಕ್ಯ ಶುರುವಾದರೆ ಪುಟ ತಿರುವಿದರೂ ಮುಗಿಯದು. ಕುದಿಯಲು ಇಟ್ಟ ಹಾಲು ಉಕ್ಕಿಹೋದರೂ ಗೊತ್ತಾಗದಂತೆ ಓದಿದೆ. ಜೈಲು ಎಂಬ ಪದ ಎಲ್ಲಿದೆಯೋ ಎಂದು ಹುಡುಕುತ್ತಿದ್ದೆ, ಅಷ್ಟೆ.

ನಮ್ಮ ಡಾಕ್ಟರು ಬಾಗಿಲು ಹಾಕಿಕೊಂಡು ಹೇಳಿದರು: “ಸಿಸ್ಟರ್, ಆ ಯಂತ್ರವೇ ಕೆಟ್ಟಿರಬೇಕು ಅಂತ ಬರೆದುಬಿಡಿ. ನಾನೂ ಸಹಿ ಹಾಕ್ತೀನಿ.” ಆಗಲಿ ಎಂದು ತಲೆಯಾಡಿಸಿದೆ, ಗುಬ್ಬಿ. ನಿನಗೆ ಸುಳ್ಳು ಹೇಳುವುದಿಲ್ಲ.

ಉತ್ತರ ಬರೆಯುವ ನಮೂನೆ ತರಲು ಇಲಾಖೆಗೆ ಹೋದಾಗ ಕಿಟಕಿಯ ಬಳಿ ವಯಸ್ಸಾದ ಗುಮಾಸ್ತರೊಬ್ಬರಿದ್ದರು. ನಾನು ನಿಯಮಗಳ ಪುಸ್ತಕವನ್ನು ಹಿಂದೆ ಮುಂದೆ ತಿರುವುವುದನ್ನು ನೋಡಿ ಒಳಗೆ ಕರೆದು ಕೂರಿಸಿದರು. “ಇದನ್ನ ಓದೋದು ಹೀಗಲ್ಲಮ್ಮ. ‘ಬಹುದು’ ಅಂತ ಇದ್ರೆ ಅದು ಸಾಹೇಬ್ರ ಮನಸ್ಸು. ‘ತಕ್ಕದ್ದು’ ಅಂತ ಇದ್ರೆ ಸಾಹೇಬ್ರ ಮನಸ್ಸನ್ನೂ ಯಾರೂ ಕೇಳಲ್ಲ,” ಎಂದು ಪೆನ್ನಿನ ತುದಿಯಿಂದ ಒಂದೊಂದೇ ಸಾಲು ತೋರಿಸಿದರು. ಕೆಟ್ಟ ಫ್ರಿಜ್ಜಿನ ಲಸಿಕೆ ಹಾಕಿದರೆ ನರ್ಸಿನ ನೋಂದಣಿ ಅಮಾನತು ಮಾಡಬಹುದು. ವಿಚಾರಣೆಯಲ್ಲೂ ಸುಳ್ಳು ಹೇಳಿದರೆ ರದ್ದು ಮಾಡತಕ್ಕದ್ದು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅಂಥ ಲಸಿಕೆ ಪಡೆದ ಪ್ರತಿ ಮಗುವಿನ ಮನೆಯವರಿಗೆ ತಿಳಿಸತಕ್ಕದ್ದು.

ಅದುವರೆಗೆ ನಾನು ನನ್ನ ಕೆಲಸಕ್ಕಾಗಿ ಹೆದರುತ್ತಿದ್ದೆ. ಆ ಸಾಲು ಓದಿದ ಮೇಲೆ ಬೇರೆ ಹೆದರಿಕೆ ಹಿಡಿಯಿತು. ಊರಲ್ಲಿ ದಡಾರ ಕಾಣಿಸಿಕೊಂಡಿದೆ, ನಾನು ಆವತ್ತು ಹಾಕಿದ್ದು ಅದರದೇ ಲಸಿಕೆ. ಆ ಮಕ್ಕಳ ತಾಯಂದಿರೆಲ್ಲ ಚುಚ್ಚಿಸಿ ಆಯಿತೆಂದು ನಿಶ್ಚಿಂತೆಯಿಂದಿದ್ದಾರೆ.

ಡಾಕ್ಟರು ಹೇಳಿದಂತೆ ಬರೆಯಲಿಲ್ಲ. ನಡೆದದ್ದನ್ನು ಬರೆದು, ಹತ್ತು ಮಕ್ಕಳ ಹೆಸರಿನ ಪಟ್ಟಿ ಲಗತ್ತಿಸಿದೆ. ಇವತ್ತು ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: “ಈ ನಾಲ್ಕನ್ನ ನೋಡಿ ಬರೆದ್ರಾ?” ಇಲ್ಲವೆಂದೆ. ಆರು ತಿಂಗಳು ಅಮಾನತು. ನೋಂದಣಿ ಉಳಿಯಿತು. ಪಟ್ಟಿಯಲ್ಲಿರುವ ಮಕ್ಕಳಿಗೆ ಗುರುವಾರ ಬೇರೆ ನರ್ಸು ಮತ್ತೆ ಲಸಿಕೆ ಹಾಕುತ್ತಾರೆ. ವಿಚಾರಣೆಗೆ ಮೊದಲೇ ಹತ್ತೂ ಮನೆಗೆ ನಾನೇ ಹೋಗಿ ನಡೆದದ್ದನ್ನು ಹೇಳಿಬಂದಿದ್ದೆ. ಒಬ್ಬ ತಾಯಿ ಮುಖದ ಮೇಲೆ ಬಾಗಿಲು ಹಾಕಿದಳು. ಒಬ್ಬಳು ನೀರು ಕೊಟ್ಟಳು.

ಇಷ್ಟೇ ನಡೆದದ್ದು. ಅಮ್ಮನಿಗೆ ಈಗಲೇ ಹೇಳಬೇಡ.

ನಿನ್ನ
ಅಕ್ಕ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕಾಗದ ಮಡಚಿ ಲಕೋಟೆಗೆ ಹಾಕಿದವಳು ಮತ್ತೆ ಹೊರಗೆ ತೆಗೆದಿದ್ದೇನೆ. ಮಕ್ಕಳು ಹತ್ತಲ್ಲ, ಹನ್ನೊಂದು. ಆವತ್ತೇ ನೀನು ನಿನ್ನ ಪಾಪುವನ್ನು ಕರೆತಂದಿದ್ದೆ. ಲಸಿಕೆಯ ಕಾರ್ಡನ್ನು ನೀನು ಮನೆಯಲ್ಲಿ ಮರೆತಿದ್ದೆ, ಆಮೇಲೆ ಬರೆದರಾಯಿತೆಂದು ಅವಳ ಹೆಸರನ್ನು ನಾನು ಲಸಿಕೆಯ ಪುಸ್ತಕಕ್ಕೇ ಏರಿಸಲಿಲ್ಲ. ಪಟ್ಟಿಗೂ ಸೇರಿಸಲಿಲ್ಲ. ಅಧಿಕಾರಿಗೆ ಹೆದರಿ ಅಲ್ಲ, ನಿನಗೆ ಹೆದರಿ. ದೊಡ್ಡವನನ್ನು ಕಳೆದುಕೊಂಡ ಮೇಲೆ ಈ ಮಗುವನ್ನು ನನ್ನ ಕೈಗಲ್ಲದೆ ಯಾರ ಕೈಗೂ ನೀನು ಕೊಟ್ಟವಳಲ್ಲ. ಈಗ ಇಲಾಖೆಗೆ ಹೊರಟಿದ್ದೇನೆ, ಹನ್ನೊಂದನೆಯ ಹೆಸರು ಬರೆಸಲು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ದಾರಿಯಲ್ಲಿ ನಿನ್ನ ಬಾಗಿಲ ಕೆಳಗೆ ತಳ್ಳಿ ಹೋಗುತ್ತೇನೆ. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ. ಗುರುವಾರ ಅವಳನ್ನು ಎತ್ತಿಕೊಂಡು ಬಾ.